ಡಬ್ಬಿಯಲ್ಲಿ ಐದು ಸಾವಿರ ಕೋಟಿ

ಬಿನ್ನಿಪೇಟೆಯ ನಮ್ಮ ಮನೆ ಫ್ರಿಜ್ಜಿನ ಬಾಗಿಲಲ್ಲಿ ಒಂದು ಡಬ್ಬಿ ಇನ್ನೂ ಇದೆ. ಒಂದೊಂದು ಕ್ಯಾಪ್ಸೂಲಿನಲ್ಲಿ 50 ಬಿಲಿಯನ್ ‘ಒಳ್ಳೆ ಬ್ಯಾಕ್ಟೀರಿಯಾ’ ಅಂತೆ. ನಮ್ಮ ಲೆಕ್ಕದಲ್ಲಿ ಐದು ಸಾವಿರ ಕೋಟಿ. ಅದನ್ನು ನಂಬಿ ಡಾಕ್ಟರ್ ಬರೆದುಕೊಟ್ಟಿದ್ದ ಮೆಸಲಮೈನ್ ಮಾತ್ರೆ ನಿಲ್ಲಿಸಿದೆ. ಮೊದಲ ತಿಂಗಳು ಏನೂ ಆಗಲಿಲ್ಲ. ಆಫೀಸಲ್ಲಿ ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡಿದೆ. ಮೂರನೇ ತಿಂಗಳು ದಿನಕ್ಕೆ ಹತ್ತು ಸಲ ಟಾಯ್ಲೆಟ್, ರಕ್ತದ ಜೊತೆ. ಮಾಗಡಿ ರೋಡ್ ಮೆಟ್ರೋ ಹತ್ತೋದಕ್ಕೇ ಭಯ. ಕೊನೆಗೆ ಸ್ಟೀರಾಯ್ಡ್.

ನನಗಿರೋದು ಅಲ್ಸರೇಟಿವ್ ಕೊಲೈಟಿಸ್. ಇದನ್ನೂ ಕ್ರೋನ್ಸ್ ಕಾಯಿಲೆಯನ್ನೂ ಸೇರಿಸಿ ಐಬಿಡಿ ಅಂತಾರೆ. ಐಬಿಎಸ್ ಅಲ್ಲ ಕಣ್ರೀ. ಅದರಲ್ಲಿ ಕರುಳು ಹುಣ್ಣಾಗಲ್ಲ, ಇದರಲ್ಲಿ ಆಗುತ್ತೆ.

ಬ್ಯಾಕ್ಟೀರಿಯಾಗೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳ್ತಿಲ್ಲ. ಗಟ್ಟಿಯಾಗೇ ಇದೆ. ಬೆಲ್ಜಿಯಂನ ಲೂವೆನ್ ವೈದ್ಯರು 1991ರಲ್ಲಿ ಐದು ಕ್ರೋನ್ಸ್ ರೋಗಿಗಳ ಬಗ್ಗೆ ಬರೆದರು. ಕೆಟ್ಟ ಭಾಗ ಕತ್ತರಿಸಿ ಕರುಳು ಜೋಡಿಸಿದ ಜಾಗಕ್ಕೆ ಮಲ ಹರಿಯದಂತೆ ಆರು ತಿಂಗಳು ಬೇರೆ ದಾರಿ ಮಾಡಿಟ್ಟಿದ್ದರು. ಅಲ್ಲಿ ಕಾಯಿಲೆ ಮರುಕಳಿಸಲಿಲ್ಲ. ಹರಿವನ್ನು ಮತ್ತೆ ಬಿಟ್ಟ ಮೇಲೆ ಮರುಕಳಿಸಿತು. ಇಲಿಗಳ ಕತೆಯೂ ಇದೇ. ಉರಿಯೂತ ಅಡಗಿಸುವ ಐಎಲ್-10 ಜೀನ್ ತೆಗೆದುಹಾಕಿದ ಇಲಿಗಳಿಗೆ ಕೊಲೈಟಿಸ್ ಬರುತ್ತೆ. ಅವನ್ನೇ ಒಂದೂ ಸೂಕ್ಷ್ಮಜೀವಿ ಇಲ್ಲದ ಕಡೆ ಸಾಕಿದರೆ ಬರಲ್ಲ. ಅಂದರೆ ಬರೀ ಜೀನ್ ಸಾಲದು, ಬರೀ ಬ್ಯಾಕ್ಟೀರಿಯಾನೂ ಸಾಲದು. ಹೊಟ್ಟೆಯಲ್ಲಿ ತಮ್ಮ ಪಾಡಿಗೆ ಇದ್ದ ಜೀವಿಗಳ ಮೇಲೂ ನಮ್ಮ ದೇಹದ ಕಾವಲುಪಡೆ ಯುದ್ಧ ಸಾರಿದಾಗ ಈ ರೋಗ.

ಇಷ್ಟು ವಿಜ್ಞಾನದಲ್ಲಿ ಅರ್ಧ ಕದ್ದು, ಅದಕ್ಕೆ ಬೆಲೆ ಅಂಟಿಸಿ ಮಾರ್ತಾರಲ್ಲ, ನನ್ನ ಜಗಳ ಅವರ ಜೊತೆ.

ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ ಅಂತ ಒಂದಿದೆ. ನಾವು ತಿಂದ ನಾರಿನಿಂದ ಬ್ಯುಟಿರೇಟ್ ತಯಾರಿಸುತ್ತೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ಕ್ರೋನ್ಸ್ ಇರುವವರ ಕರುಳಲ್ಲಿ ಇದು ಕಮ್ಮಿ ಅಂತ 2008ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಇದಕ್ಕೆ ಆಮ್ಲಜನಕ ಆಗಿಬರಲ್ಲ, ಗಾಳಿ ತಾಕಿದರೆ ಸಾಯುತ್ತೆ. ನನ್ನ ಡಬ್ಬಿಯಲ್ಲಿ ಇದ್ದದ್ದು ಲ್ಯಾಕ್ಟೋಬ್ಯಾಸಿಲಸ್, ಮೊಸರಿನ ಬ್ಯಾಕ್ಟೀರಿಯಾದ ನೆಂಟ. ಕಾಣೆಯಾದವನೇ ಬೇರೆ, ಕಳಿಸಿಕೊಟ್ಟವನೇ ಬೇರೆ! ಅದೂ ಎಷ್ಟು? ಹೊಟ್ಟೆಯಲ್ಲಿ ಆಗಲೇ ಸುಮಾರು 38 ಲಕ್ಷ ಕೋಟಿ ಇವೆ. ಸಂಜೆ ಮೆಜೆಸ್ಟಿಕ್ಕಿನ ಜನಜಂಗುಳಿಗೆ ಒಂದು ಮಿನಿ ಬಸ್ಸಿನವರನ್ನು ಇಳಿಸಿದ ಹಾಗೆ.

ಇನ್ನೊಂದು ವಿಷಯಕ್ಕೆ ಎಂಜಿನಿಯರ್ ಆಗಿ ನನಗೇ ನಾಚಿಕೆ ಆಗಬೇಕು. ಉರಿಯೂತ ಬಂದ ಕರುಳಲ್ಲಿ ಆಮ್ಲಜನಕ, ನೈಟ್ರೇಟ್ ಹೆಚ್ಚಿ ಇ. ಕೊಲೈ ಜಾತಿಯವು ಕೊಬ್ಬುತ್ತವೆ. ಹಾಗಾದರೆ ಬ್ಯಾಕ್ಟೀರಿಯಾ ಬದಲಾಗಿದ್ದಕ್ಕೆ ಕಾಯಿಲೆ ಬಂತೋ, ಕಾಯಿಲೆ ಬಂದಿದ್ದಕ್ಕೆ ಬ್ಯಾಕ್ಟೀರಿಯಾ ಬದಲಾದವೋ? ಎರಡೂ ಸೇರಿಕೊಂಡಿವೆ. ಲಾಗ್‌ನಲ್ಲಿ ಕಂಡ ಮೊದಲ ಎರರ್ ಅನ್ನೇ ರೂಟ್ ಕಾಸ್ ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಿದರೆ ಮ್ಯಾನೇಜರ್ ಸುಮ್ಮನಿರ್ತಾರಾ? ನಮ್ಮ ಹೊಟ್ಟೆ ವಿಷಯಕ್ಕೆ ಮಾತ್ರ ಮೂವತ್ತು ಸೆಕೆಂಡಿನ ರೀಲ್ ಸಾಕು.

ಊರಿಂದ ಚಿಕ್ಕಪ್ಪನೂ ಫೋನ್ ಮಾಡಿದ್ರು. “ಪೇಟೆ ಊಟ ತಿಂದು ಹಿಂಗಾಗಿದೀಯ. ಆ ಇಂಗ್ಲಿಷ್ ಮಾತ್ರೆ ಬಿಸಾಕಿ ಮಜ್ಜಿಗೆ ಕುಡಿಯೋ.” ಡಬ್ಬಿಯವರು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಆದರೆ ಚಿಕ್ಕಪ್ಪ ಮಜ್ಜಿಗೆಗೆ ಕಾಸು ಕೇಳಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆಹಾರ ಅಂತ ಮಾರುವ ವಸ್ತು ರೋಗ ವಾಸಿ ಮಾಡುತ್ತೆ ಅಂತ ಹೇಳಿಕೊಳ್ಳುವ ಹಾಗಿಲ್ಲ, ಕಾನೂನಿದೆ. ಅದಕ್ಕೇ ಡಬ್ಬಿ ಮೇಲೆ ‘ಜೀರ್ಣಕ್ರಿಯೆಗೆ ಸಹಕಾರಿ’ ಅಂತಷ್ಟೇ ಇರುತ್ತೆ. ಉಳಿದದ್ದನ್ನು ರೀಲಿನಲ್ಲಿ ನಗ್ತಾ ನಗ್ತಾ ಯಾರೋ ಹೇಳ್ತಾರೆ. ಅಮೆರಿಕದ ಗ್ಯಾಸ್ಟ್ರೋ ವೈದ್ಯರ ಸಂಘ 2020ರಲ್ಲೇ, ಈ ಎರಡು ಕಾಯಿಲೆಗೆ ಪ್ರೊಬಯಾಟಿಕ್ ಕೊಡೋದಾದರೆ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಕೊಡಿ ಅಂದಿದೆ. ಆ ರೀಲ್ ಯಾರೂ ಮಾಡಲ್ಲ.

ನಿಜವಾದ ಪ್ರಯತ್ನ ನಡೆದೇ ಇಲ್ಲ ಅಂತಲ್ಲ. ಲುಧಿಯಾನದ ದಯಾನಂದ ಮೆಡಿಕಲ್ ಕಾಲೇಜಿನಲ್ಲಿ ಆರೋಗ್ಯವಂತರ ಮಲವನ್ನು ಪರೀಕ್ಷೆ ಮಾಡಿ, ಕೊಲೊನೋಸ್ಕೋಪ್ ಮೂಲಕ ಕೊಲೈಟಿಸ್ ರೋಗಿಗಳ ಕರುಳಿಗೆ ಹಾಕಿ ನೋಡಿದ್ದಾರೆ. ಕೆಲವರಿಗೆ ಗುಣ ಕಂಡಿದೆ, ಎಲ್ಲರಿಗೂ ಅಲ್ಲ. ಅದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ನಡೆಯುವ ಕೆಲಸ.

ಒಂದು ತಮಾಷೆ ನೋಡಿ. ಒಳ್ಳೆ ಬ್ಯಾಕ್ಟೀರಿಯಾ ಅಂತ ಸಾವಿರಗಟ್ಟಲೆ ಸುರಿಯೋ ನಾವೇ, ನೆಗಡಿ ಬಂದರೆ ಮೆಡಿಕಲ್ ಶಾಪಿಗೆ ಹೋಗಿ ಚೀಟಿ ಇಲ್ಲದೆ ಅಜಿತ್ರೋಮೈಸಿನ್ ತಗೊಂಡು ನುಂಗ್ತೀವಿ. ಇದ್ದ ಒಳ್ಳೆಯವರನ್ನೂ ಸೇರಿಸಿ ಕೊಲ್ಲೋ ಮಾತ್ರೆ ಅದು, ನೆಗಡಿ ವೈರಸ್ಸಿಗೆ ಏನೂ ಮಾಡಲ್ಲ.

ಕಳೆದ ವಾರ ನಮ್ಮ ಟೀಮಿನ ಹುಡುಗಿ ಕ್ಯಾಂಟೀನಿನಲ್ಲಿ ಪಕ್ಕ ಬಂದು ಕೂತಳು. ಅವಳ ತಮ್ಮನಿಗೆ ಕ್ರೋನ್ಸ್. “ನೀವು ಹೇಳಿದ ಡಬ್ಬಿನೇ ತರಿಸಿದ್ವಿ ಸರ್, ಮಾತ್ರೆ ನಿಲ್ಸಿ ಒಂದು ತಿಂಗಳಾಯ್ತು, ಆರಾಮಾಗಿದಾನೆ” ಅಂದಳು. ನನ್ನ ಮೊದಲ ತಿಂಗಳೂ ಆರಾಮಾಗೇ ಇತ್ತು. ತಟ್ಟೆ ಅಲ್ಲೇ ಬಿಟ್ಟು, ಅವಳ ತಮ್ಮನ ನಂಬರ್ ಕೇಳಿದೆ.