ಹೆಗಲ ಬಂದೂಕು ಎದೆಗೆ ಇಳಿದರೆ

ಅರಸೀಕೆರೆ ಹೋಬಳಿಯ ಊರುಗಳಲ್ಲಿ ಬಂದೂಕು ಕಣ್ಣಿಗೆ ಬೀಳುವುದೇ ಅಪರೂಪ. ಬ್ಯಾಂಕಿಗೆ ಹಣ ತರುವ ವಾಹನದ ಗಾರ್ಡಿನ ಬಳಿ ಒಂದು, ಚುನಾವಣೆಯ ಬಂದೋಬಸ್ತಿಗೆ ಬಂದ ಪಡೆಗಳ ಬಳಿ ಕೆಲವು, ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರ ಮನೆಯಲ್ಲಿ ಒಂದೊಂದು. ನೋಡುವವರ ಕಣ್ಣು ನಳಿಗೆಯ ಮೇಲೋ ಕುದುರೆಯ ಮೇಲೋ ಇರುತ್ತದೆ, ಅದನ್ನು ಹೊತ್ತ ಬೆಲ್ಟಿನ ಮೇಲಲ್ಲ. ಆದರೆ ಗುಂಡು ಹಾರಿಸುವ ಗಳಿಗೆಗಿಂತ ಹೊತ್ತು ತಿರುಗುವ ಹೊತ್ತೇ ಹೆಚ್ಚು. ಆ ಹೊತ್ತಿನಲ್ಲಿ ನಳಿಗೆಯ ಬಾಯಿ ಯಾರ ಕಡೆಗಿರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಬೆಲ್ಟೇ.

ಇಂಥ ಬೆಲ್ಟಿಗೆ ಸಿಕ್ಕಿಸುವ ಪುಟ್ಟ ಸಾಮಾನೊಂದಿದೆ. ಆನ್‌ಲೈನ್ ಅಂಗಡಿಗಳಲ್ಲಿ ‘ಸ್ಲಿಂಗ್ ಅಡಾಪ್ಟರ್’, ‘ಕನ್ವರ್ಟರ್’ ಎಂದೆಲ್ಲ ಕರೆಯುತ್ತಾರೆ. ಬೆಲ್ಟ್ ತೂರಿಸಲು ಸೀಳುಗಳಿರುವ ಒಂದು ಬಕಲ್, ಅದಕ್ಕೆ ಹೊಂದಿಕೊಂಡ ಒಂದು ಉಂಗುರ, ಅಷ್ಟೇ. ಮಾಮೂಲಿ ಬೆಲ್ಟಿನ ಒಂದು ತುದಿ ಬಂದೂಕಿನ ಹಿಡಿಗೂ ಇನ್ನೊಂದು ತುದಿ ನಳಿಗೆಯ ಕೆಳಗಿನ ಕೊಂಡಿಗೂ ಕಟ್ಟಿಕೊಂಡಿರುತ್ತದೆ. ಎರಡು ಕಡೆ ಹಿಡಿತ ಇರುವುದರಿಂದ ಇದು ಎರಡು ಬಿಂದುವಿನ ಬೆಲ್ಟ್. ಹಿಡಿಯ ಹತ್ತಿರ ಈ ಬಕಲ್ ಹಾಕಿ, ಮುಂದಿನ ತುದಿಯನ್ನು ನಳಿಗೆಯಿಂದ ಬಿಡಿಸಿ ತಂದು ಉಂಗುರಕ್ಕೆ ಸಿಕ್ಕಿಸಿದರೆ ಬೆಲ್ಟು ಒಂದು ಕುಣಿಕೆಯಾಗುತ್ತದೆ. ಅದನ್ನು ಕೊರಳಿನಿಂದ ಕಂಕುಳಿಗೆ ಅಡ್ಡಲಾಗಿ ಹಾಕಿಕೊಂಡರೆ ಬಂದೂಕು ಹಿಡಿಯ ಕಡೆಯಿಂದ ಎದೆಯ ಮುಂದೆ ಜೋತು ಬೀಳುತ್ತದೆ. ಹಿಡಿತ ಒಂದೇ ಕಡೆ ಇರುವುದರಿಂದ ಈಗ ಇದು ಒಂದು ಬಿಂದುವಿನ ಬೆಲ್ಟ್. ಬೇಡವೆಂದಾಗ ಕೊಂಡಿ ಬಿಡಿಸಿ ಮೊದಲಿನಂತೆ ಮಾಡಿಕೊಳ್ಳಬಹುದು.

ಇದರ ಹುಟ್ಟಿಗೆ ಕಾರಣವಿದೆ. ಗಾಡಿಯಿಂದ ಜಿಗಿದಿಳಿಯುವ, ಇಕ್ಕಟ್ಟಿನ ಕೋಣೆಗಳೊಳಗೆ ನುಗ್ಗುವ, ಬಂದೂಕನ್ನು ಬಲಭುಜದಿಂದ ಎಡಭುಜಕ್ಕೆ ತಟ್ಟನೆ ಬದಲಿಸಬೇಕಾದ ಸೈನಿಕರಿಗೆ ಒಂದು ಬಿಂದುವಿನ ಬೆಲ್ಟು ಅನುಕೂಲ. ಇರಾಕ್, ಆಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ ಇದು ಬಹಳ ಜನಪ್ರಿಯವಾಯಿತು. ಅವರ ಕೈಯಲ್ಲಿದ್ದದ್ದು ಎಂ4ನಂಥ ಗಿಡ್ಡ ಕಾರ್ಬೈನ್, ಹಿಡಿಯನ್ನು ಒಳಕ್ಕೆ ತಳ್ಳಿದರೆ ಮುಕ್ಕಾಲು ಮೀಟರ್ ಉದ್ದ. ಆದರೂ ಅದನ್ನು ಹಾಕಿಕೊಂಡು ಓಡಿದವರ ಮಾಮೂಲು ದೂರು ಒಂದೇ: ಕೈಬಿಟ್ಟ ಕೂಡಲೇ ತೊಡೆಗೂ ಮೊಣಕಾಲಿಗೂ ಬಡಿಯುತ್ತದೆ. ಎರಡೂ ಬೇಕೆನ್ನುವವರಿಗಾಗಿ ಬಂದದ್ದೇ ಈ ಪರಿವರ್ತಕ. ನಡೆಯುವಾಗ ಎರಡು ಬಿಂದು, ನುಗ್ಗುವಾಗ ಒಂದು.

ಇನ್ನು ನಮ್ಮ ಕಡೆಯ ಬಂದೂಕುಗಳಿಗೆ ಬರೋಣ. ದಶಕಗಟ್ಟಲೆ ನಮ್ಮ ಪೊಲೀಸರ ಹೆಗಲೇರಿದ್ದ ಪಾಯಿಂಟ್ 303 ರೈಫಲ್ ಸುಮಾರು 1.13 ಮೀಟರ್ ಉದ್ದ, ತೂಕ 4 ಕಿಲೋ ಆಸುಪಾಸು. ಇದನ್ನು ಹಿಡಿಯಿಂದ ನೇತುಹಾಕಿದರೆ ನಳಿಗೆಯ ಬಾಯಿ ಪಾದದ ಹತ್ತಿರ ತೂಗುತ್ತದೆ, ಕುಳಿತರೆ ಮಣ್ಣು ಮುಕ್ಕುತ್ತದೆ. ಬ್ಯಾಂಕಿನ ಗಾರ್ಡುಗಳ ಜೋಡಿ ನಳಿಗೆಯ 12 ಬೋರ್ ಬಂದೂಕೂ ಉದ್ದದಲ್ಲಿ ಇದಕ್ಕೆ ಕಡಿಮೆಯೇನಲ್ಲ. ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಹಳೆಯ ಬಂದೂಕುಗಳಲ್ಲಿ ಹಿಂದಿನ ಕೊಂಡಿಯನ್ನು ಮರದ ಹಿಡಿಗೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅರ್ಧ ಭಾರ ಹೊರಲು ಮಾಡಿದ ಕೊಂಡಿ ಅದು. ಒಂದು ಬಿಂದುವಿಗೆ ಬದಲಿಸಿದರೆ ಪೂರ್ತಿ ಭಾರ, ಜೊತೆಗೆ ಹೆಜ್ಜೆ ಹೆಜ್ಜೆಯ ಜಗ್ಗಾಟ, ಎಲ್ಲವೂ ಎಣ್ಣೆ ಕುಡಿದು ಮೆತ್ತಗಾದ ಮರದೊಳಗಿನ ಆ ಸ್ಕ್ರೂಗಳ ಮೇಲೆ. ಕಿತ್ತು ಬಂದ ದಿನ ಬಂದೂಕು ಎಲ್ಲಿ, ಯಾವ ದಿಕ್ಕಿಗೆ ಬೀಳುತ್ತದೆ ಹೇಳಲಾಗದು.

ರೈತರ ವಿಷಯ ಇದಕ್ಕಿಂತ ನಾಜೂಕು. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಇದಕ್ಕೆ ತೋಟಾ ಇಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಬಿರಡೆ ತುರುಕಿ, ಚರೆ ಹಾಕಿ, ಮೇಲೊಂದು ಬಿರಡೆ ಇಟ್ಟು ಗಜದಿಂದ ಜಡಿಯುತ್ತಾರೆ. ಚರೆ ಮದ್ದಿಗೆ ಒತ್ತಿಕೊಂಡೇ ಇರಬೇಕು. ತುಂಬಿದ ಬಂದೂಕನ್ನು ಬಾಯಿ ಕೆಳಗೆ ಮಾಡಿ ಎದೆಗೆ ಜೋತು ಹಾಕಿಕೊಂಡು ಮೆಕ್ಕೆಜೋಳದ ಸಾಲಿನಲ್ಲಿ ನಡೆದರೆ, ಕುಲುಕಿಗೆ ಬಿರಡೆ ಸಡಿಲವಾಗಿ ಚರೆ ಮುಂದಕ್ಕೆ ಜಾರಬಹುದು. ಮದ್ದಿಗೂ ಚರೆಗೂ ನಡುವೆ ತೆರಪು ಬಿತ್ತೆಂದರೆ, ಆ ಚರೆಯೇ ನಳಿಗೆಗೆ ಅಡ್ಡಲಾದ ಮುಚ್ಚಳದಂತೆ ವರ್ತಿಸಿ, ಹಾರಿಸಿದಾಗ ನಳಿಗೆ ಉಬ್ಬುವ ಅಥವಾ ಒಡೆಯುವ ಅಪಾಯವಿದೆ. ಒಡೆಯುವುದು ಎಡಗೈ ಹಿಡಿದ ಜಾಗದ ಸುತ್ತಮುತ್ತಲೂ ಆಗಬಹುದು. ಆದ್ದರಿಂದ ಮದ್ದಿನ ಬಂದೂಕಿಗೆ ಈ ಪರಿವರ್ತಕ ಖಂಡಿತ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬಾಯಿ ಆಕಾಶದತ್ತ ಇರುವಂತೆ ಹೆಗಲ ಹಿಂದೆ ತೂಗುಹಾಕುವ ಹಳೆಯ ಬೆಲ್ಟೇ ಇದಕ್ಕೆ ಸರಿ. ರಾತ್ರಿ ಬದುವಿನ ಮೇಲೆ ಹೋಗುವವರಿಗೆ ಬಳ್ಳಾರಿ ಜಾಲಿಯ ಕಾಟ ಬೇರೆ. ಎದೆಯ ಮುಂದೆ ಜೋಲುವ ಯಾವ ಕುಣಿಕೆಯನ್ನೂ ಅದರ ಮುಳ್ಳು ಸುಮ್ಮನೆ ಬಿಡುವುದಿಲ್ಲ.

ಅಂದಹಾಗೆ, ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಅಪ್ಪಣೆ ಸಿಕ್ಕಿತೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕಾಡುಹಂದಿಯೂ ಇದೆ. ಪಕ್ಕದ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಧಾಮವನ್ನೇ ಪಡೆದಿರುವ ಕರಡಿಯ ಮಾತಂತೂ ಹೇಳಬೇಕಿಲ್ಲ. ಬೆಲ್ಟಿನ ವಿಷಯಕ್ಕೆ ಕಾನೂನಿನ ತಕರಾರಿಲ್ಲ. ಸದ್ದನ್ನೋ ಬೆಂಕಿಯ ಮಿಂಚನ್ನೋ ಅಡಗಿಸುವ ಬಿಡಿಭಾಗಗಳನ್ನು ಕಾಯ್ದೆ ಬಂದೂಕಿನ ಲೆಕ್ಕಕ್ಕೇ ಸೇರಿಸುತ್ತದೆ, ಹೊರುವ ಪಟ್ಟಿಯನ್ನಲ್ಲ.

ಗುರಿ ಕ್ರೀಡೆಯಲ್ಲಿ ಬೆಲ್ಟಿಗೆ ಇನ್ನೊಂದೇ ಕೆಲಸ. ಮಲಗಿ ಅಥವಾ ಮಂಡಿಯೂರಿ ಗುರಿ ಇಡುವ ರೈಫಲ್ ಸ್ಪರ್ಧಿಗಳು ಬೆಲ್ಟನ್ನು ರಟ್ಟೆಗೆ ಬಿಗಿದು ಕೈಯ ನಡುಕ ತಡೆಯುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ ಅದರ ಅಗಲ 40 ಮಿಲಿಮೀಟರ್ ಮೀರಬಾರದು, ನಿಂತು ಹೊಡೆಯುವಾಗ ಬಳಸುವಂತೆಯೇ ಇಲ್ಲ. ಬೆಲ್ಟ್ ಮುಂದಿನ ಕೊಂಡಿಗೆ ಬಿಗಿದಿದ್ದರೆ ಮಾತ್ರ ಈ ಆಸರೆ ಸಿಗುವುದು. ಒಂದು ಬಿಂದುವಿನ ಬೆಲ್ಟಿಗೆ ಆ ಗುಣವಿಲ್ಲ.

ಇಷ್ಟಾಗಿಯೂ ಏರ್‌ಗನ್ನಿಗೋ ಗಿಡ್ಡ ಬಂದೂಕಿಗೋ ಇದನ್ನು ಹಾಕಿ ನೋಡುವ ಆಸೆಯುಳ್ಳವರು ಮೊದಲು ಬಂದೂಕು ಮುಟ್ಟುವುದೇ ಬೇಡ. ಅಷ್ಟೇ ಉದ್ದದ ಬಡಿಗೆಗೆ ಮೂರು ನಾಲ್ಕು ಕಿಲೋ ಮರಳಿನ ಚೀಲ ಬಿಗಿದು, ಅದಕ್ಕೆ ಬೆಲ್ಟ್ ಹಾಕಿ ಹೊಲದಲ್ಲಿ ಒಂದು ಸುತ್ತು ಬರಲಿ. ಒಡ್ಡು ಹತ್ತಿ, ಬಗ್ಗಿ ನೀರು ಕುಡಿದು, ಕುಕ್ಕರುಗಾಲಲ್ಲಿ ಕುಳಿತು ಎದ್ದರೆ ಕೆಳತುದಿ ಎಲ್ಲೆಲ್ಲಿ ತಿರುಗುತ್ತದೆ ಎಂಬುದು ಗೊತ್ತಾಗುತ್ತದೆ. ಜೊತೆಗೆ ನಡೆಯುವವರ ಕಾಲಿನತ್ತ ಅದು ಎಷ್ಟು ಸಲ ಹೊರಳಿತು ಎಂಬುದನ್ನು ಅವರನ್ನೇ ಕೇಳಬೇಕು. ಆಮೇಲೆ ಬೆಲ್ಟಿನ ಅಗಲವನ್ನೂ ಬಕಲಿನ ಸೀಳನ್ನೂ ಹೋಲಿಸಲಿ. ರೂಢಿಯ ಅಗಲ ಒಂದೂಕಾಲು ಇಂಚು. ಸೀಳು ಅಗಲವಾಗಿ ಬೆಲ್ಟ್ ಸಣ್ಣದಿದ್ದರೆ ಭಾರ ಬಿದ್ದಾಗ ಬಕಲ್ ಜಾರುತ್ತದೆ, ದಪ್ಪ ಚರ್ಮದ ಬೆಲ್ಟಾದರೆ ತೂರುವುದೇ ಕಷ್ಟ. ಕೊನೆಗೆ ಖಾಲಿ ಬಂದೂಕಿಗೆ ಹಾಕಿ ನೋಡಲಿ. ಮದ್ದಿನ ಬಂದೂಕಿಗೆ ಈ ಪರಿವರ್ತಕ ಬೇಡವಾದರೂ, ಹಳೆಯ ಬೆಲ್ಟ್ ಹಾಕುವಾಗಲೂ ಅದು ಖಾಲಿಯೋ ಇಲ್ಲವೋ ತಿಳಿಯಲು ಗಜದ ಮೇಲೆ ಗುರುತು ಮಾಡಿಟ್ಟುಕೊಳ್ಳುವ ಕ್ರಮವಿದೆ. ಗಜ ಆ ಗುರುತಿನವರೆಗೆ ಇಳಿಯದಿದ್ದರೆ ಒಳಗೆ ಏನೋ ಇದೆ ಎಂದೇ ಅರ್ಥ.

ಗಾರ್ಡಿಗಾಗಲಿ ರೈತನಿಗಾಗಲಿ ಅದೇ ದುಡ್ಡಿನಲ್ಲಿ ಆಗಬೇಕಾದ ಕೆಲಸ ಬೇರೆಯೇ ಇದೆ. ಹಿಂದಿನ ಕೊಂಡಿಯ ಸ್ಕ್ರೂ ಬಿಗಿಯಾಗಿದೆಯೇ ನೋಡಿಸುವುದು, ಮಳೆಗಾಲದಲ್ಲಿ ಬೂಷ್ಟು ಹಿಡಿದು ಬಿರಿದ ಚರ್ಮದ ಬೆಲ್ಟನ್ನು ತೆಗೆದು ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ನೈಲಾನ್ ಬೆಲ್ಟ್ ಹಾಕುವುದು. ಬೆಲ್ಟನ್ನು ಎರಡು ಇಂಚು ಬಿಗಿ ಮಾಡಿಕೊಂಡರೆ ಹೆಗಲಿನಿಂದ ಜಾರುವ ಬಂದೂಕು ಬೆನ್ನಿಗೆ ಅಂಟಿ ನಿಲ್ಲುತ್ತದೆ, ಎರಡೂ ಕೈ ಬಿಡುವಾಗುತ್ತವೆ. ಪರಿವರ್ತಕದ ಆಸೆಗೆ ಬೀಳುವವರಲ್ಲಿ ಬಹಳ ಮಂದಿಗೆ ಬೇಕಿರುವುದು ಇಷ್ಟೇ.