ಅಹ್ಮದ್ ಖಾನ್: ಕೋಲ್ಕತ್ತ ನೆನೆಯುತ್ತದೆ, ನಾವು?

ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ತಮ್ಮ ಊರಾದ ಬೆಂಗಳೂರಿನಲ್ಲೇ ನಿಧನರಾದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮೈದಾನಗಳಲ್ಲಿ ಆ ಹೆಸರು ಕೇಳಿಬರುವುದು ಅಪರೂಪ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳಿಗಾದರೋ ಅವರು ಇಂದಿಗೂ 'ಪಂಚಪಾಂಡವ'ರಲ್ಲಿ ಒಬ್ಬರು.

ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ: ದಕ್ಷಿಣದಿಂದ ಹೋದ ಈ ಐವರ ಮುಂಚೂಣಿಯ ಬಲದಿಂದ ಕ್ಲಬ್ 1949ರಿಂದ 1951ರವರೆಗೆ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಗೆದ್ದಿತು. ಬಲಬದಿಯ ವಿಂಗರ್ ವೆಂಕಟೇಶ್, ಎಡಬದಿಯಲ್ಲಿ ಸಾಲೆ. ಸಾಲೆಯ ಒಳಬದಿಗೆ ಅಹ್ಮದ್. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅವರು, 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು.

ಅಲ್ಲಿ ನೆನಪು ಉಳಿಯಲು ಕಾರಣ ಕೇವಲ ಭಾವುಕತೆಯಲ್ಲ. 1920ರಲ್ಲಿ ಹುಟ್ಟಿದ ಕ್ಲಬ್ ನೂರು ವರ್ಷ ದಾಟಿದೆ. ಅಜ್ಜ ಕಂಡ ಆಟವನ್ನು ಮೊಮ್ಮಗ ಅದೇ ಬಣ್ಣದ ಅಂಗಿ ತೊಟ್ಟು ಕೇಳುತ್ತಾನೆ. ನಮ್ಮಲ್ಲಿ ಫುಟ್‌ಬಾಲನ್ನು ಬಹುಕಾಲ ಸಾಕಿದ್ದು ಐಟಿಐ, ಎಚ್‌ಎಎಲ್‌ನಂತಹ ಕಾರ್ಖಾನೆಗಳ ತಂಡಗಳು. ಅವು ಹಿಂದೆ ಸರಿದಾಗ ಆಟಗಾರರ ಕಥೆಗಳೂ ಮರೆಯಾದವು. 1969ರ ನಂತರ ರಾಜ್ಯಕ್ಕೆ ಸಂತೋಷ್ ಟ್ರೋಫಿ ದಕ್ಕಿದ್ದು 2023ರಲ್ಲಿ, 54 ವರ್ಷಗಳ ತರುವಾಯ.

ಮಲೆನಾಡಿನ ತಾಲ್ಲೂಕುಗಳಿಗೆ ಇದರಲ್ಲಿ ಪಾಠವಿದೆ. ಒಂದು ದಿನದ ಪಂದ್ಯಾವಳಿ, ಒಂದು ಕಪ್, ಒಂದು ಸನ್ಮಾನದಿಂದ ಆಟ ಬೆಳೆಯದು. ವರ್ಷವಿಡೀ ನಡೆಯುವ ತಂಡವೊಂದಿದ್ದರೆ ಮಾತ್ರ, ಇಂದು ಆಡುವ ಹುಡುಗನನ್ನು ನಾಳೆ ನೆನೆಯುವವರೂ ಇರುತ್ತಾರೆ.