ಜ್ವರ ಬಿಟ್ಟ ಮೇಲಿನ ಎರಡು ದಿನ

ಮಳೆಗಾಲ ಶುರುವಾದರೆ ಸಾಕು, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಪ್ರಶ್ನೆ ಪದೇ ಪದೇ ಬರುತ್ತದೆ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಯಾರಿಗೋ ಡೆಂಗಿ ಅಂತ ಗೊತ್ತಾದ ಅರ್ಧ ಗಂಟೆಯಲ್ಲಿ ಪಪ್ಪಾಯಿ ಎಲೆ ಎಲ್ಲಿ ಸಿಗುತ್ತೆ ಅಂತ ಒಬ್ಬರು, ಕಿವಿ ಹಣ್ಣು ತಿನ್ನಿಸಿ ಅಂತ ಇನ್ನೊಬ್ಬರು, ರಕ್ತನಿಧಿಯ ನಂಬರ್ ಕಳಿಸುವವರು ಮತ್ತೊಬ್ಬರು. ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಸಂಖ್ಯೆ ಕೇಳುತ್ತೇವೆ. ಒಂದು ಲಕ್ಷದ ಮೇಲಿದ್ದರೆ ಎಲ್ಲರಿಗೂ ನಿರಾಳ. ಕೆಳಗಿಳಿದರೆ ಗಾಬರಿ.

ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಸರ್ವರ್ ಕೈಕೊಟ್ಟಾಗ ಪರದೆಯ ಮೇಲೆ ಕೆಂಪಗೆ ಮಿನುಗುವ ಸಂಖ್ಯೆಯೇ ತೊಂದರೆಯ ಮೂಲ ಅಂತ ತಿಳಿಯಬಾರದು. ಅದನ್ನು ಅಳೆಯುವುದು ಸುಲಭ, ಹಾಗಾಗಿ ಅದು ಕಣ್ಣಿಗೆ ಬೀಳುತ್ತೆ, ಅಷ್ಟೆ. ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗನಿಗೆ ಡೆಂಗಿ ಬಂದಾಗ ಈ ಮಾತು ಎಷ್ಟು ನಿಜ ಅಂತ ಹತ್ತಿರದಿಂದ ನೋಡಿದೆ. ಆಮೇಲೆ ಕೂತು ಓದಿದೆ, ಪರಿಚಯದ ವೈದ್ಯರೊಬ್ಬರ ತಲೆಯನ್ನೂ ಚೆನ್ನಾಗಿ ತಿಂದೆ. ತಿಳಿದದ್ದನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಸೊಳ್ಳೆಯ ವಿಷಯ. ಡೆಂಗಿ ಹರಡುವುದು ಮುಖ್ಯವಾಗಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಕಪ್ಪು ಮೈ, ಕಾಲುಗಳ ಮೇಲೆ ಬಿಳಿ ಪಟ್ಟೆ. ಮೋರಿ ನೀರಿನಲ್ಲಿ ಹುಟ್ಟಿ ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವ ಕ್ಯೂಲೆಕ್ಸ್ ಸೊಳ್ಳೆಯೇ ಬೇರೆ. ಈಡಿಸ್‌ಗೆ ಮೋರಿ ಹಿಡಿಸುವುದಿಲ್ಲ. ಅದಕ್ಕೆ ಬೇಕಾದದ್ದು ಮನೆಯೊಳಗಿನ, ಮನೆ ಸುತ್ತಲಿನ ನಿಂತ ನೀರು. ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಮುಚ್ಚಳ ಸರಿಯಿಲ್ಲದ ಸಂಪು, ನಲ್ಲಿಯಲ್ಲಿ ನೀರು ಬಾರದ ದಿನಕ್ಕೆ ಅಂತ ತುಂಬಿಟ್ಟ ಡ್ರಮ್ಮು, ತಾರಸಿಯ ಮೇಲೆ ಬಿದ್ದಿರುವ ಹಳೇ ಟೈರು, ತೆಂಗಿನ ಚಿಪ್ಪು. ಅಷ್ಟಿದ್ದರೆ ಅದರ ಸಂಸಾರ ಸುಖವಾಗಿ ಸಾಗುತ್ತದೆ. ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸೂರ್ಯ ಮುಳುಗುವ ಮುಂಚೆ. ಅಂದರೆ ಮಕ್ಕಳು ಶಾಲೆಗೆ ಹೊರಡುವ ಹೊತ್ತು, ಸಂಜೆ ಆಟಕ್ಕೆ ಇಳಿಯುವ ಹೊತ್ತು. ನಾವು ರಾತ್ರಿ ಮಲಗುವಾಗ ಹಚ್ಚುವ ಕಾಯಿಲ್‌ಗೂ ಅದರ ಊಟದ ವೇಳೆಗೂ ತಾಳೆಯೇ ಆಗುವುದಿಲ್ಲ.

ಇನ್ನೂ ಒಂದು ವಿಷಯ ಕೇಳಿ ನನಗೆ ಆಶ್ಚರ್ಯವಾಯಿತು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಮೈಯನ್ನು ನಾರಿನಿಂದ ಉಜ್ಜಬೇಕು.

ಸೊಳ್ಳೆಗೆ ವೈರಸ್ ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ನಮ್ಮಿಂದಲೇ. ಜ್ವರ ಬಂದವರ ರಕ್ತದಲ್ಲಿ, ಜ್ವರಕ್ಕೆ ಒಂದೆರಡು ದಿನ ಮೊದಲಿನಿಂದ ಹಿಡಿದು ಜ್ವರ ಶುರುವಾದ ಸುಮಾರು ಐದನೇ ದಿನದವರೆಗೆ ವೈರಸ್ ಓಡಾಡುತ್ತಿರುತ್ತದೆ. ಆಗ ಕಚ್ಚಿದ ಹೆಣ್ಣು ಸೊಳ್ಳೆಯ ಹೊಟ್ಟೆಗೆ ಹೋದ ವೈರಸ್ ಅಲ್ಲಿ ಬೆಳೆದು ಜೊಲ್ಲಿನ ಗ್ರಂಥಿ ತಲುಪಲು 8ರಿಂದ 12 ದಿನ ಬೇಕು. ಆಮೇಲೆ ಆ ಸೊಳ್ಳೆ ಸಾಯುವವರೆಗೂ ವೈರಸ್ ಹಂಚುತ್ತಲೇ ಇರುತ್ತದೆ. ಅದು ಕಚ್ಚಿದ 4ರಿಂದ 10 ದಿನಗಳಲ್ಲಿ ಮುಂದಿನವರಿಗೆ ಜ್ವರ. ಹಾಗಾಗಿ ಮನೆಯಲ್ಲಿ ಒಬ್ಬರು ಡೆಂಗಿಯಿಂದ ಮಲಗಿದ್ದಾರೆ ಅಂದರೆ ಹಗಲಲ್ಲೂ ಸೊಳ್ಳೆಪರದೆಯೊಳಗೆ ಇರಬೇಕಾದವರು ಮೊದಲು ಅವರೇ. ಅವರ ಸುಖಕ್ಕಿಂತ ಹೆಚ್ಚಾಗಿ ಮನೆಯ ಉಳಿದವರ, ಪಕ್ಕದ ಮನೆಯವರ ರಕ್ಷಣೆಗೆ.

ಈಗ ದೇಹದೊಳಗಿನ ಕಥೆ. ಡೆಂಗಿ ತಗುಲಿದ ಬಹುಪಾಲು ಜನರಿಗೆ ಏನೂ ಗೊತ್ತಾಗುವುದಿಲ್ಲ, ಇಲ್ಲವೇ ಸಾಧಾರಣ ಜ್ವರ ಬಂದು ಹೋಗುತ್ತದೆ. ಕೆಲವರಿಗೆ ಮಾತ್ರ ಒಮ್ಮೆಲೇ 103, 104 ಡಿಗ್ರಿ ಜ್ವರ, ತಲೆನೋವು, ಕಣ್ಣಿನ ಹಿಂದೆ ಚುಚ್ಚಿದಂಥ ನೋವು, ಮೂಳೆ ಮುರಿದ ಹಾಗೆ ಮೈಕೈ ನೋವು. ಇದು ಮೊದಲ ಹಂತ, ಮೂರರಿಂದ ಏಳು ದಿನ. ಆಮೇಲೆ ಜ್ವರ ಇಳಿಯುತ್ತದೆ. ಹೆಚ್ಚಿನವರು ಅಲ್ಲಿಂದ ಸೀದಾ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ನಿಜವಾದ ಅಪಾಯ ಶುರುವಾಗುವುದೇ ಆ ಹೊತ್ತಿಗೆ.

ನಮ್ಮ ರಕ್ತನಾಳಗಳ ಒಳಗೋಡೆಗೆ ತೆಳ್ಳನೆಯ ಒಂದು ಪದರ ಇರುತ್ತದೆ. ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೊರಗೆ ಹೋಗದ ಹಾಗೆ ತಡೆಯುವುದು ಅದೇ. ಡೆಂಗಿ ವೈರಸ್ಸಿನ ಒಂದು ಪ್ರೋಟೀನು ಮತ್ತು ಅದರ ವಿರುದ್ಧ ನಮ್ಮ ದೇಹವೇ ಹೂಡುವ ಯುದ್ಧ ಎರಡೂ ಸೇರಿ ಆ ಪದರವನ್ನು ಹಾಳುಮಾಡುತ್ತವೆ. ಹಳೇ ರಬ್ಬರ್ ಪೈಪು ಎಲ್ಲೂ ಒಡೆಯದೆ ಉದ್ದಕ್ಕೂ ಜಿನುಗುವುದನ್ನು ನೋಡಿದ್ದೀರಲ್ಲ, ಹಾಗೆ. ಪ್ಲಾಸ್ಮಾ ಜಿನುಗಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರಿಕೊಳ್ಳುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ಒತ್ತಡ ಕುಸಿಯುತ್ತದೆ. ಒಂದು ಹನಿ ರಕ್ತವೂ ಹೊರಗೆ ಕಾಣದೆ ಮನುಷ್ಯ ಆಘಾತದ ಸ್ಥಿತಿಗೆ ಹೋಗಬಹುದು.

ನಮ್ಮ ಹುಡುಗನಿಗೆ ಆದದ್ದು ಹೀಗೆಯೇ. ವಯಸ್ಸು 22, ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿ ಇದ್ದಾನೆ. ನಾಲ್ಕು ದಿನ ಸುಡುವ ಜ್ವರ, ಹಾಗಾಗಿ ನಮ್ಮ ಮನೆಗೇ ಕರೆದುಕೊಂಡು ಬಂದಿದ್ದೆವು. ಐದನೇ ದಿನ ಬೆಳಿಗ್ಗೆ ಜ್ವರ ಪೂರ್ತಿ ಬಿಟ್ಟಿತ್ತು. ಪ್ಲೇಟ್‌ಲೆಟ್ 92 ಸಾವಿರ. ‘ಅಬ್ಬಾ, ಗಂಡಾಂತರ ಕಳೀತು’ ಅಂತ ಊರಿನಿಂದ ಫೋನ್ ಮೇಲೆ ಫೋನ್. ಮಧ್ಯಾಹ್ನದ ಹೊತ್ತಿಗೆ ಮೂರು ಸಲ ವಾಂತಿ, ಹೊಟ್ಟೆನೋವು. ಬೆಳಗಿನಿಂದ ಮೂತ್ರಕ್ಕೆ ಹೋಗಿಲ್ಲ. ‘ಗ್ಯಾಸ್ಟ್ರಿಕ್ ಇರಬೇಕು, ಮಲಗಲಿ ಬಿಡಿ’ ಅಂತ ಹಿರಿಯರೊಬ್ಬರು ಅಂದರು. ಪುಣ್ಯಕ್ಕೆ ಮೂರನೇ ದಿನ ನೋಡಿದ್ದ ನಮ್ಮ ಬೀದಿಯ ವೈದ್ಯರು ಚೀಟಿಯ ಹಿಂಬದಿಯಲ್ಲಿ ನಾಲ್ಕೈದು ಸಾಲು ಬರೆದು, ‘ಜ್ವರ ಬಿಟ್ಟ ಮೇಲೆ ಇದರಲ್ಲಿ ಒಂದು ಕಂಡರೂ ಕಾಯಬೇಡಿ’ ಅಂದಿದ್ದರು. ಅದರಲ್ಲಿ ಮೂರು ಎದುರಿಗೇ ಇದ್ದವು. ಕಾರು ತೆಗೆದೆವು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಮೊದಲು ಮಾಡಿದ ಕೆಲಸ ಅವನ ಕೈ ಮುಟ್ಟಿ ನೋಡಿದ್ದು. ತಣ್ಣಗಿತ್ತು. ಬಿ.ಪಿ. 92ಕ್ಕೆ 76. ಮೇಲಿನ ಸಂಖ್ಯೆಗೂ ಕೆಳಗಿನದಕ್ಕೂ 20ಕ್ಕಿಂತ ಕಡಿಮೆ ಅಂತರ ಉಳಿದರೆ ಅದು ಅಪಾಯದ ಗುರುತು ಅಂತ ಆಮೇಲೆ ತಿಳಿಯಿತು. ಹುಡುಗ ಮಾತಾಡುತ್ತಲೇ ಇದ್ದ, ಮೊಬೈಲ್ ಚಾರ್ಜರ್ ಕೇಳುತ್ತಿದ್ದ. ಎರಡು ದಿನದ ಹಿಂದೆ 39 ಇದ್ದ ಹೆಮಟೋಕ್ರಿಟ್ ಈಗ 48. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಅಂತ ಹೇಳುವ ಅಳತೆ ಅದು. ನೀರಿನಂಶ ಸೋರಿದರೆ ಅದು ಏರುತ್ತದೆ. ನಾನು ಅಭ್ಯಾಸದಂತೆ ಪ್ಲೇಟ್‌ಲೆಟ್ ಬಗ್ಗೆ ಕೇಳಿದಾಗ ಅವರು ತಲೆ ಎತ್ತದೆ ಹೇಳಿದರು: ‘ನನಗೀಗ ಅದರ ಚಿಂತೆ ಇಲ್ಲ. ಇವನ ರಕ್ತ ಗಟ್ಟಿ ಆಗ್ತಿದೆ.’

ಎರಡು ರಾತ್ರಿ ಡ್ರಿಪ್. ಹನಿ ಲೆಕ್ಕ ಹಾಕಿ, ಗಂಟೆಗಂಟೆಗೂ ಬಿ.ಪಿ. ನೋಡಿ, ಮೂತ್ರ ಅಳೆದು. ಮೂರನೇ ಬೆಳಿಗ್ಗೆ ಅವರೇ ಡ್ರಿಪ್ ತೆಗೆಸಿದರು. ‘ಇನ್ನೂ ಸುಸ್ತಾಗಿದ್ದಾನೆ, ಇನ್ನೆರಡು ಬಾಟಲಿ ಹಾಕಿ’ ಅಂತ ಮನೆಯವರ ಒತ್ತಾಯ. ಅವರು ಒಪ್ಪಲಿಲ್ಲ. ಸೋರಿಕೆ 24ರಿಂದ 48 ಗಂಟೆಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೊರಗೆ ಹೋದ ನೀರು ಮತ್ತೆ ರಕ್ತಕ್ಕೆ ಮರಳುತ್ತದೆ. ಆಗಲೂ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಬೇರೆಯೇ ಅಪಾಯ. ಡೆಂಗಿಗೆ ವೈರಸ್ ಕೊಲ್ಲುವ ಔಷಧಿ ಅಂತ ಇಲ್ಲ. ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ನೀರು, ಮತ್ತು ಅದನ್ನು ನೋಡಿಕೊಳ್ಳುವ ಕಣ್ಣು. ಚಿಕಿತ್ಸೆಯ ಬಹುಪಾಲು ಇಷ್ಟೇ.

ಹಾಗಾದರೆ ಪ್ಲೇಟ್‌ಲೆಟ್? ಅದು ಇಳಿಯುವುದು ನಿಜ. ಅಸ್ಥಿಮಜ್ಜೆಯಲ್ಲಿ ಉತ್ಪಾದನೆ ತಗ್ಗುತ್ತದೆ, ಇದ್ದವೂ ನಾಶವಾಗುತ್ತವೆ. ರೋಗ ಯಾವ ಹಂತದಲ್ಲಿದೆ ಅಂತ ಊಹಿಸಲು ವೈದ್ಯರಿಗೆ ಅದು ಬೇಕು. ಆದರೆ ರಕ್ತಸ್ರಾವ ಇಲ್ಲದವರಿಗೆ ಸಂಖ್ಯೆ ನೋಡಿಕೊಂಡು ಪ್ಲೇಟ್‌ಲೆಟ್ ಏರಿಸಿದರೆ ಲಾಭವಿದೆಯೇ? ಸಿಂಗಪುರ ಮತ್ತು ಮಲೇಷ್ಯಾದಲ್ಲಿ 372 ವಯಸ್ಕ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಎಲ್ಲರಿಗೂ ಪ್ಲೇಟ್‌ಲೆಟ್ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ. ಅರ್ಧ ಜನರಿಗೆ ಪ್ಲೇಟ್‌ಲೆಟ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಕೊಟ್ಟವರಲ್ಲಿ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ. ಜೋರಾಗಿ ರಕ್ತ ಹೋಗುತ್ತಿರುವವರ ವಿಷಯ ಬೇರೆ, ಅದು ವೈದ್ಯರ ತೀರ್ಮಾನ. ಇನ್ನು ಪಪ್ಪಾಯಿ ಎಲೆ. ಚೇತರಿಕೆಯ ಹಂತ ಬಂದಾಗ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಹಿಂದಿನ ದಿನ ಏನು ಕುಡಿದಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ವಾಂತಿ ಆಗುತ್ತಿರುವವನಿಗೆ ಆ ಕಹಿ ರಸ ಕುಡಿಸಿ ಇನ್ನಷ್ಟು ವಾಂತಿ ಮಾಡಿಸುವುದು ಮಾತ್ರ ಯಾರಿಗೂ ಬೇಡ.

‘ನನಗೆ ಒಂದ್ಸಲ ಬಂದು ಹೋಗಿದೆ, ಇನ್ನೇನು ಭಯ’ ಅನ್ನುವವರೂ ಸಿಗುತ್ತಾರೆ. ಡೆಂಗಿಯಲ್ಲಿ ಲೆಕ್ಕ ಉಲ್ಟಾ. ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ, ನಮ್ಮ ದೇಶದಲ್ಲಿ ನಾಲ್ಕೂ ಇವೆ. ಒಂದು ಬಗೆ ಬಂದು ಹೋದರೆ ಅದರಿಂದ ಜೀವನಪೂರ್ತಿ ರಕ್ಷಣೆ, ಆದರೆ ಉಳಿದ ಮೂರರಿಂದ ಕೆಲವೇ ತಿಂಗಳು. ಆಮೇಲೆ ಬೇರೆ ಬಗೆ ಬಂದಾಗ ಹಳೇ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಕಟ್ಟಿಹಾಕಲಾರವು. ಬದಲಿಗೆ ಜೀವಕೋಶದೊಳಗೆ ಹೋಗಲು ಅದಕ್ಕೆ ಬಾಗಿಲು ತೆರೆದುಕೊಡುತ್ತವೆ. ಕ್ಯೂಬಾದಲ್ಲಿ 1977ರಲ್ಲಿ ಮೊದಲನೇ ಬಗೆ ಹರಡಿತು, ಹೆಚ್ಚೇನೂ ಹಾವಳಿಯಿಲ್ಲದೆ ಹೋಯಿತು. 1981ರಲ್ಲಿ ಎರಡನೇ ಬಗೆ ಬಂದಾಗ 3.4 ಲಕ್ಷಕ್ಕೂ ಹೆಚ್ಚು ಜನರಿಗೆ ಕಾಯಿಲೆ, 10 ಸಾವಿರಕ್ಕೂ ಹೆಚ್ಚು ಜನರ ಸ್ಥಿತಿ ಗಂಭೀರ, 158 ಸಾವು. ಲಸಿಕೆಗೂ ಇದೇ ತೊಡಕು. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಿದ್ದರು. ಮೊದಲು ಡೆಂಗಿ ಬಾರದೇ ಇದ್ದ ಮಕ್ಕಳಿಗೆ ಲಸಿಕೆಯ ನಂತರ ಸೋಂಕು ತಗುಲಿದರೆ ಅದು ತೀವ್ರವಾಗುವ ಸಾಧ್ಯತೆ ಹೆಚ್ಚು ಅಂತ 2017ರ ನವೆಂಬರಿನಲ್ಲಿ ತಯಾರಕರೇ ಹೇಳಬೇಕಾಯಿತು. ಕಾರ್ಯಕ್ರಮ ನಿಂತಿತು. ಹಾಗಂತ ಮೊದಲ ಸಲ ಬಂದದ್ದು ಯಾವಾಗಲೂ ಹಗುರ ಅಂತಲೂ ಅಲ್ಲ. ಒಮ್ಮೆ ಬಂದವರು ಎರಡನೇ ಸಲ ಇನ್ನಷ್ಟು ಹುಷಾರಾಗಿರಬೇಕು, ಅಷ್ಟೆ.

ನಮ್ಮ ವೈದ್ಯರ ಚೀಟಿಯಲ್ಲಿದ್ದದ್ದನ್ನು, ಆಮೇಲೆ ಕೇಳಿ ಸೇರಿಸಿಕೊಂಡ ಒಂದೆರಡರ ಜೊತೆ ಇಲ್ಲಿ ಕೊಡುತ್ತಿದ್ದೇನೆ. ಫ್ರಿಜ್ ಮೇಲೆ ಅಂಟಿಸಿಕೊಳ್ಳಿ.

ಜ್ವರ ಇಳಿಯುವ ಹೊತ್ತಿಗೆ ಅಥವಾ ಇಳಿದ ಮೇಲೆ ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಸುಸ್ತು, ಮಂಕು, ಇಲ್ಲವೇ ಕಾರಣವಿಲ್ಲದ ಚಡಪಡಿಕೆ, ತಣ್ಣಗಾದ ಕೈಕಾಲು, ಉಸಿರಾಟಕ್ಕೆ ಕಷ್ಟ, ಆರು ಗಂಟೆ ಕಳೆದರೂ ಮೂತ್ರವಿಲ್ಲ. ಇವುಗಳಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ. ರಾತ್ರಿ ಎರಡು ಗಂಟೆಯಾದರೂ ಸರಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಹೇಳಿದ ಪ್ರಮಾಣದಲ್ಲಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ ವೈದ್ಯರನ್ನು ಕೇಳಿ. ಗಂಜಿ, ಮಜ್ಜಿಗೆ, ಎಳನೀರು, ಓ.ಆರ್.ಎಸ್. ಗುಟುಕು ಗುಟುಕಾಗಿ ಕುಡಿಸುತ್ತಿರಿ. ಎನ್.ಎಸ್.-1 ಪರೀಕ್ಷೆ ಮೊದಲ ಐದು ದಿನಕ್ಕೆ ಸರಿ, ಆಮೇಲಾದರೆ ಐ.ಜಿ.ಎಂ. ವರದಿ ನೆಗೆಟಿವ್ ಬಂತು ಅಂತ ಈ ಪಟ್ಟಿಯನ್ನು ಮಾತ್ರ ಮರೆಯಬೇಡಿ.

2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚಿಸಿತು. ಸೊಳ್ಳೆ ಹುಟ್ಟಲು ಜಾಗ ಕೊಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತಲೂ ಮಾಡಿತು. ದಂಡದ ಮಾತು ಬಿಡಿ. ಬೀದಿಯಲ್ಲಿ ಹೊಗೆ ಹಾಕಿಸಿ ಅಂತ ದೂರು ಕೊಡುವುದು ಸುಲಭ. ಆ ಹೊಗೆ ಹಾರುತ್ತಿರುವ ಸೊಳ್ಳೆಗೆ, ಮೊಟ್ಟೆಗೂ ಮರಿಗೂ ಅಲ್ಲ. ಈಡಿಸ್ ಕೂತಿರುವುದು ನಮ್ಮ ಮಂಚದ ಕೆಳಗೆ, ಪರದೆಯ ಹಿಂದೆ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಮರೆಯಲ್ಲಿ. ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ, ಭಾನುವಾರ ಕಾಫಿ ಮುಗಿದ ಮೇಲೆ ಹತ್ತು ನಿಮಿಷ ಸಾಕು: ತಟ್ಟೆ, ಟ್ರೇ, ಡ್ರಮ್ಮು, ತಾರಸಿ. ಚೆಲ್ಲಿ, ಉಜ್ಜಿ, ಮುಚ್ಚಿ.

ಈ ಹೊತ್ತು ನಿಮ್ಮ ಮನೆಯಲ್ಲೇ ಯಾರಾದರೂ ಡೆಂಗಿ ಜ್ವರದಿಂದ ಮಲಗಿದ್ದರೆ, ಜ್ವರ ಬಿಟ್ಟ ದಿನ ಮತ್ತು ಗಂಟೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಲ್ಲಿಂದ 48 ಗಂಟೆ ಎಣಿಸಿ. ಅಲ್ಲಿಯವರೆಗೆ ಆಫೀಸೂ ಬೇಡ, ಶಾಲೆಯೂ ಬೇಡ, ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವುದೂ ಬೇಡ.